ದತ್ತಿ ಮತ್ತು ದಾಸೋಹ: ಹಳೆಯ ವಿದ್ಯಾರ್ಥಿಗಳ ಕೊಡುಗೆಯನ್ನು ಕುರಿತು ಒಂದು ವಿವೇಚನೆ

ಮಠದ ಆಶ್ರಯದಲ್ಲಿ ಬೆಳೆದ ಶಾಲೆಗಳಿಗೂ ಇತರ ಶಾಲೆಗಳಿಗೂ ಇರುವ ಭೇದವನ್ನು ಪಠ್ಯಕ್ರಮದಲ್ಲಿ ಹುಡುಕಿದರೆ ದೊರೆಯಲಾರದು. ಅದು ದೊರೆಯುವುದು ಪ್ರಸಾದದ ಪಂಕ್ತಿಯಲ್ಲಿ. ಬೆಳಗಿನ ಪ್ರಾರ್ಥನೆ, ಹಣೆಯ ವಿಭೂತಿ, ಸಾಲಾಗಿ ಕುಳಿತು ಉಂಡ ಮುದ್ದೆ ಅಥವಾ ರೊಟ್ಟಿ, ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟ ಅಭ್ಯಾಸ ಇವು ಹಳೆಯ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವಷ್ಟು ಗಟ್ಟಿಯಾಗಿ ಬೀಜಗಣಿತದ ಸೂತ್ರಗಳು ಉಳಿಯುವುದಿಲ್ಲ. ಇಂತಹ ವಿದ್ಯಾರ್ಥಿ ಮುಂದೆ ಉದ್ಯೋಗಕ್ಕೆ ಸೇರಿ, ಸಂಸಾರಸ್ಥನಾಗಿ, ನಡುವಯಸ್ಸಿನಲ್ಲಿ ಒಂದು ದಿನ ತನ್ನ ಶಾಲೆಗೆ ಹಿಂದಿರುಗಿ ಬಂದು, "ಏನಾದರೂ ಕೊಡಬೇಕೆಂದಿದ್ದೇನೆ" ಎನ್ನುತ್ತಾನೆ. ಪ್ರತಿಭಾವಂತ ಬಡ ವಿದ್ಯಾರ್ಥಿಗೆ ನೆರವಾಗಲೆಂದು ಒಂದು ಮೊತ್ತವನ್ನು ಒಪ್ಪಿಸಿ ಹೋಗುತ್ತಾನೆ. ಕೊಡುವಾಗಿನ ಆ ಸದ್ಭಾವನೆಯನ್ನು ಕುರಿತು ಸ್ಮರಣ ಸಂಚಿಕೆಗಳಲ್ಲಿ ಸಾಕಷ್ಟು ಬರೆಯಲಾಗಿದೆ. ಕೊಟ್ಟ ಹಣ ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ಏನಾಗುತ್ತದೆ, ಅದು ಯಾವ ಮಗುವನ್ನು ಯಾವ ತಿಂಗಳಲ್ಲಿ ಮುಟ್ಟುತ್ತದೆ ಎಂಬುದನ್ನು ಕುರಿತ ವಿಚಾರ ಮಾತ್ರ ವಿರಳ.

ಉಂಡವನೇ ಮುಂದೆ ಉಣಿಸುವವನಾಗುವ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ಗುಬ್ಬಿಯ ವರ್ತಕ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದ್ದನ್ನು ಧರ್ಮಕ್ಕೆ ಮೀಸಲಿಟ್ಟು, ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ಅವರ ಹೆಸರಿನ ಉಚಿತ ವಿದ್ಯಾರ್ಥಿನಿಲಯವು ಹಳ್ಳಿಗಳಿಂದ ರಾಜಧಾನಿಗೆ ಓದಲು ಬಂದ ಹುಡುಗರಿಗೆ ನೆಲೆಯಾಯಿತು. ಮಾಗಡಿ ತಾಲ್ಲೂಕಿನ ವೀರಾಪುರದ ಒಬ್ಬ ತರುಣ 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದಾಗ ಉಳಿದುಕೊಂಡದ್ದು ಈ ನಿಲಯದಲ್ಲಿ. ಅದಕ್ಕೂ ಮೊದಲು ಶಾಲಾ ವಿದ್ಯಾರ್ಥಿಯಾಗಿದ್ದಾಗ ಕೆಲಕಾಲ ಅವರು ಸಿದ್ಧಗಂಗೆಯ ಮಠದಲ್ಲಿ ಇದ್ದು ಓದಿದ್ದರು. 1930ರಲ್ಲಿ ಶ್ರೀ ಉದ್ದಾನ ಶಿವಯೋಗಿಗಳ ಉತ್ತರಾಧಿಕಾರಿಯಾಗಿ ಸನ್ಯಾಸ ದೀಕ್ಷೆ ಪಡೆದ ಅವರೇ ಡಾ. ಶಿವಕುಮಾರ ಮಹಾಸ್ವಾಮಿಗಳು. 1941ರಲ್ಲಿ ಮಠದ ಹೊಣೆ ಅವರ ಹೆಗಲಿಗೆ ಬಂದಿತು. 2019ರ ಜನವರಿ 21ರಂದು ಲಿಂಗೈಕ್ಯರಾಗುವ ಹೊತ್ತಿಗೆ ಅವರ ಮಠದಲ್ಲಿ ಜಾತಿ ಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಪಡೆಯುತ್ತಿದ್ದರು. ಒಬ್ಬ ವರ್ತಕನ ಛತ್ರದಲ್ಲಿ, ಒಂದು ಮಠದ ಪಂಕ್ತಿಯಲ್ಲಿ ಒಬ್ಬ ಹುಡುಗನಿಗೆ ದೊರೆತ ತುತ್ತು ಎಷ್ಟು ಪಂಕ್ತಿಗಳಾಗಿ ಹಬ್ಬಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ತೋಟದಪ್ಪನವರು 1910ರಲ್ಲೇ ತೀರಿಕೊಂಡಿದ್ದರು. ತಮ್ಮ ಕೊಡುಗೆ ಯಾರನ್ನು ಮುಟ್ಟಿತೆಂದು ತಿಳಿಯುವ ಭಾಗ್ಯ ಅವರಿಗಿರಲಿಲ್ಲ. ದತ್ತಿ ಇಡುವವರಲ್ಲಿ ಬಹುತೇಕರ ಪಾಡು ಇದೇ.

ಉತ್ತರ ಕರ್ನಾಟಕದ ಇತಿಹಾಸವೂ ಇಂತಹುದೇ. ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ ಆ ಭಾಗದಲ್ಲಿ ಉನ್ನತ ಶಿಕ್ಷಣವೆಂದರೆ ಪುಣೆ, ಮುಂಬಯಿಗಳ ಪಯಣ. ಒಕ್ಕಲುತನದ ಮನೆಗಳಿಗೆ ಅದು ಕೈಗೆಟುಕದ ಮಾತು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿದಾಗ ಮೊದಲು ಕೈಹಾಕಿದ್ದು ಕಟ್ಟಡಕ್ಕಲ್ಲ, ಓದುವ ಹುಡುಗರಿಗೆ ಧನಸಹಾಯ ನೀಡುವ ನಿಧಿಗೆ. ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಕೊಟ್ಟರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಜನ್ಮತಾಳಿದಾಗ ಅದರ ಮೊದಲ ಪ್ರೌಢಶಾಲೆಗೆ ಇಟ್ಟ ಹೆಸರು ಗಿಲಗಂಚಿ-ಅರಟಾಳ. 1933ರಲ್ಲಿ ಆರಂಭವಾದ ಅದರ ಮಹಾವಿದ್ಯಾಲಯಕ್ಕೆ ಲಿಂಗರಾಜರ ಹೆಸರು. ವಿದ್ಯಾರ್ಥಿವೇತನದ ನಿಧಿ ಕಟ್ಟಿದವರ ಹೆಸರು ಮುಂದಿನ ತಲೆಮಾರಿನ ಶಾಲೆಯ ಬಾಗಿಲ ಮೇಲೆ ಬಂದಿತೆಂಬುದನ್ನು ಗಮನಿಸಬೇಕು. ಶಾಲೆಗಿಂತ ಮೊದಲು ವಿದ್ಯಾರ್ಥಿವೇತನ ಬಂದಿತ್ತು.

ಈ ಪರಂಪರೆಯನ್ನು ದಾನವೆಂದು ಕರೆಯುವುದು ರೂಢಿ. ಆದರೆ ಶರಣರ ವಿಚಾರದಲ್ಲಿ ದಾನಕ್ಕೂ ದಾಸೋಹಕ್ಕೂ ಅಂತರವಿದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ಅವನು ಕೊಡುವುದು ತನ್ನ ಕಾಯಕದ ಫಲದಿಂದ, ಅದೂ ತನ್ನದೆಂಬ ಭಾವವಿಲ್ಲದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆ ಎಲ್ಲರೂ ಬಲ್ಲದ್ದು. ಮೋಳಿಗೆಯ ಮಾರಯ್ಯನವರ ಕಥೆ ಇನ್ನೂ ಸೂಕ್ಷ್ಮವಾದುದು. ಕಟ್ಟಿಗೆ ಮಾರಿ ದಾಸೋಹ ನಡೆಸುತ್ತಿದ್ದ ಆ ಶರಣರ ಮನೆಗೆ ಬಸವಣ್ಣನವರು ಮಾರುವೇಷದಲ್ಲಿ ಬಂದು ಅಂಬಲಿಯನ್ನು ಸವಿದು, ಹೊನ್ನಿನ ಗಂಟನ್ನು ಗುಟ್ಟಾಗಿ ಇರಿಸಿ ಹೋದರೆಂದೂ, ಮಾರಯ್ಯನವರು ಅದನ್ನು ತಮಗೆಂದು ಇರಿಸಿಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟರೆಂದೂ ಪರಂಪರೆ ಹೇಳುತ್ತದೆ. ಕೊಡುವವರು ಬಸವಣ್ಣನವರಂಥವರೇ ಆಗಿದ್ದರೂ, ಕೊಡುವ ರೀತಿ ಎಷ್ಟೇ ಗುಪ್ತವಾಗಿದ್ದರೂ, ಪಡೆಯುವವನಿಗೊಂದು ಮಾನವಿದೆ ಎಂಬುದನ್ನು ಈ ಕಥೆ ಮರೆಯಗೊಡುವುದಿಲ್ಲ. ವಿದ್ಯಾರ್ಥಿವೇತನದ ನಿಯಮಗಳನ್ನು ರಚಿಸುವ ಸಮಿತಿಗಳು ಓದಿಕೊಳ್ಳಬೇಕಾದ ಕಥೆಯಿದು.

ಇನ್ನು ಲೆಕ್ಕದ ಮಾತು. ನಮ್ಮ ನಾಡಿನ ಶಾಲೆಗಳಲ್ಲಿ ದತ್ತಿಯ ಸಾಮಾನ್ಯ ಸ್ವರೂಪ ಸರಳ. ದಾನಿಯು ಕೊಟ್ಟ ಅಸಲನ್ನು ಬ್ಯಾಂಕಿನಲ್ಲಿ ಠೇವಣಿ ಇಡುವುದು, ಅಸಲನ್ನು ಎಂದೂ ಮುಟ್ಟದಿರುವುದು, ಪ್ರತಿವರ್ಷ ಬಂದ ಬಡ್ಡಿಯನ್ನು ಒಬ್ಬ ವಿದ್ಯಾರ್ಥಿಗೆ ಕೊಡುವುದು. ನೋಡಲು ಇದು ಶಾಶ್ವತವಾದ ವ್ಯವಸ್ಥೆ. ಆದರೆ ಬೆಲೆಗಳು ಏರುವ ಕಾಲದಲ್ಲಿ ಅಸಲನ್ನು ಮುಟ್ಟದಿರುವುದೆಂದರೆ ಅಸಲನ್ನು ಕಾಪಾಡಿದಂತೆ ಆಗುವುದಿಲ್ಲ. 1980ರ ದಶಕದಲ್ಲಿ ದೀರ್ಘಾವಧಿಯ ಠೇವಣಿಗೆ ಶೇ. 10-11ರ ಬಡ್ಡಿ ದೊರೆಯುತ್ತಿತ್ತು. ಆಗ ಒಂದು ಸಾವಿರ ರೂಪಾಯಿಯ ದತ್ತಿ ಇಟ್ಟವರ ಹೆಸರಿನಲ್ಲಿ ವರ್ಷಕ್ಕೆ ನೂರು ರೂಪಾಯಿ ಬಂದು, ಅದು ಪ್ರೌಢಶಾಲೆಯ ಒಬ್ಬ ಹುಡುಗನ ಪುಸ್ತಕ ಪಟ್ಟಿಗಳಿಗೆ ಒದಗುತ್ತಿತ್ತು. 2020-21ರ ಹೊತ್ತಿಗೆ ದೊಡ್ಡ ಬ್ಯಾಂಕುಗಳ ಬಡ್ಡಿ ಶೇ. 5.4ರ ಆಸುಪಾಸಿಗೆ ಇಳಿದಿತ್ತು. ಅದೇ ಸಾವಿರ ರೂಪಾಯಿಯಿಂದ ಬರುವುದು ಐವತ್ತನಾಲ್ಕು ರೂಪಾಯಿ. ಒಂದು ಕಂಪಾಸು ಪೆಟ್ಟಿಗೆಗೂ ಅದು ಸಾಲದು. ಆದರೂ ವಾರ್ಷಿಕೋತ್ಸವದ ದಿನ ಆ ಹೆಸರನ್ನು ಓದುವುದು, ಮಗು ವೇದಿಕೆಗೆ ಬರುವುದು, ಲಕೋಟೆ ಪಡೆಯುವುದು ಎಲ್ಲವೂ ಕ್ರಮವಾಗಿ ನಡೆದುಕೊಂಡು ಬರುತ್ತದೆ. ಬತ್ತಿದ ಕೆರೆಗೆ ವರ್ಷಕ್ಕೊಮ್ಮೆ ಬಾಗಿನ ಅರ್ಪಿಸಿದಂತೆ.

ಇಂದಿನ ದತ್ತಿಗಳಿಗೂ ಇದೇ ಗತಿ ಕಾದಿದೆ. ಒಂದು ಲಕ್ಷ ರೂಪಾಯಿಗೆ ಶೇ. 7ರಂತೆ ವರ್ಷಕ್ಕೆ ಏಳು ಸಾವಿರ ಬರುತ್ತದೆ ಎಂದಿಟ್ಟುಕೊಳ್ಳೋಣ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. ಇಪ್ಪತ್ತನಾಲ್ಕನೆಯ ವರ್ಷ ಅದೇ ಏಳು ಸಾವಿರ ಕೊಳ್ಳಬಲ್ಲದ್ದು ಇಂದಿನ 1,750 ರೂಪಾಯಿಯಷ್ಟನ್ನು ಮಾತ್ರ. ಇದಕ್ಕೆ ಪರಿಹಾರ ಕಷ್ಟದ್ದಲ್ಲ, ಆದರೆ ಆರಂಭದಲ್ಲಿಯೇ ಬರೆದಿಡಬೇಕಾದದ್ದು. ಬಂದ ಏಳು ಸಾವಿರದಲ್ಲಿ ನಾಲ್ಕು ಸಾವಿರವನ್ನು ಅಸಲಿಗೆ ಸೇರಿಸಿ ಮೂರು ಸಾವಿರವನ್ನು ಮಾತ್ರ ಹಂಚಿದರೆ, ನಿಧಿಯೂ ವೇತನವೂ ಸುಮಾರು ಹದಿನೆಂಟು ವರ್ಷಗಳಲ್ಲಿ ಎರಡರಷ್ಟಾಗುತ್ತವೆ. ಬೆಲೆಯೇರಿಕೆಯನ್ನು ಅದು ಪೂರ್ತಿಯಾಗಿ ಹಿಡಿಯಲಾರದು. ಆದರೆ ಬತ್ತಿಹೋಗುವುದಿಲ್ಲ. ಮೊದಲ ವರ್ಷವೇ ದೊಡ್ಡ ಮೊತ್ತವನ್ನು ಕೊಡಬೇಕೆಂಬ ದಾನಿಯ ಆತುರಕ್ಕೆ ಇದು ಹಿಡಿಸದಿರಬಹುದು. ಬರೆದುಕೊಂಡ ಕರಾರಿನಲ್ಲಿ "ಬಡ್ಡಿಯನ್ನು ಪೂರ್ತಿಯಾಗಿ ವಿನಿಯೋಗಿಸತಕ್ಕದ್ದು" ಎಂಬ ಒಂದು ಸಾಲು ಇದ್ದರೆ ಮುಂದಿನ ಆಡಳಿತಕ್ಕೆ ಕೈಕಟ್ಟಿದಂತಾಗುತ್ತದೆ. ಆದ್ದರಿಂದ ಆ ಸಾಲನ್ನು ಬರೆಯುವಾಗಲೇ ಯೋಚಿಸುವುದು ಲೇಸು.

ಚಿಕ್ಕ ದತ್ತಿಗಳನ್ನು ಒಂದುಗೂಡಿಸುವುದು ಇನ್ನೊಂದು ದಾರಿ. ಸಾವಿರ, ಎರಡು ಸಾವಿರ, ಐದು ಸಾವಿರಗಳ ಹಳೆಯ ಠೇವಣಿಗಳನ್ನು, ದಾನಿಗಳು ಅಥವಾ ಅವರ ಮಕ್ಕಳು ಒಪ್ಪಿದರೆ, ಒಂದೇ ನಿಧಿಯಾಗಿ ಮಾಡಿ, ಎಲ್ಲ ಹೆಸರುಗಳನ್ನೂ ಒಂದು ಫಲಕದಲ್ಲಿ ಕೆತ್ತಿಸಬಹುದು. ಹೆಸರು ಉಳಿಯುತ್ತದೆ, ಹಣಕ್ಕೂ ಜೀವ ಬರುತ್ತದೆ. ಅಸಲೇ ಇಲ್ಲದ ವ್ಯವಸ್ಥೆಯೂ ಸಾಧ್ಯ. ಒಂದು ವರ್ಷದ ತಂಡದ ನೂರು ಜನ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ತಲಾ ಐನೂರು ರೂಪಾಯಿ ಕಳುಹಿಸಿದರೆ ಐವತ್ತು ಸಾವಿರವಾಯಿತು. ಶೇ. 7ರ ಬಡ್ಡಿಯಿಂದ ಅಷ್ಟು ಪಡೆಯಲು ಏಳು ಲಕ್ಷಕ್ಕೂ ಮಿಗಿಲಾದ ಠೇವಣಿ ಬೇಕು. ಪ್ರಸಾದ ನಿಲಯಗಳು ಬೆಳೆದದ್ದು ಒಬ್ಬ ಶ್ರೀಮಂತನ ಕಣಜದಿಂದಲ್ಲ, ಸುಗ್ಗಿಯ ಕಾಲದಲ್ಲಿ ಮನೆಮನೆಯಿಂದ ಬಂದ ರಾಗಿ, ಜೋಳ, ಬೆಲ್ಲ, ತೆಂಗಿನಕಾಯಿಗಳಿಂದ ಎಂಬುದನ್ನು ಇಲ್ಲಿ ನೆನೆಯಬಹುದು.

ಹಣದ ಪ್ರಶ್ನೆಗಿಂತ ಕಠಿಣವಾದುದು ಪ್ರತಿಭೆಯ ಪ್ರಶ್ನೆ. ಬಹುಪಾಲು ದತ್ತಿಗಳ ಷರತ್ತು "ಎಸ್.ಎಸ್.ಎಲ್.ಸಿ.ಯಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ" ಎಂದಿರುತ್ತದೆ. ಇದರಲ್ಲಿ ವಿವಾದಕ್ಕೆ ಎಡೆಯಿಲ್ಲ, ಅಂಕಪಟ್ಟಿ ನೋಡಿದರೆ ಸಾಕು. ಪರಿಣಾಮವಾಗಿ ಒಬ್ಬನೇ ವಿದ್ಯಾರ್ಥಿ ಗಣಿತದ ದತ್ತಿ, ವಿಜ್ಞಾನದ ದತ್ತಿ, ಒಟ್ಟು ಅಂಕಗಳ ದತ್ತಿ ಮೂರನ್ನೂ ಪಡೆಯುತ್ತಾನೆ. ಹಲವೊಮ್ಮೆ ಆ ಹುಡುಗನ ತಂದೆಯೇ ಉಪಾಧ್ಯಾಯರೋ ಅಧಿಕಾರಿಯೋ ಆಗಿರುತ್ತಾರೆ. ಅವನ ಯಶಸ್ಸಿಗೆ ಬಹುಮಾನ ಸಲ್ಲಬೇಕು, ಸಲ್ಲಲಿ. ಆದರೆ ಬಹುಮಾನ ಬೇರೆ, ವಿದ್ಯಾರ್ಥಿವೇತನ ಬೇರೆ. ಬಹುಮಾನವು ಆದ ಕೆಲಸಕ್ಕೆ ಸಲ್ಲುವ ಗೌರವ. ವೇತನವು ಆಗಬೇಕಾದ ಕೆಲಸ ನಿಂತುಹೋಗದಂತೆ ಕೊಡುವ ಆಸರೆ. ಒಂದರ ಹಣವನ್ನು ಇನ್ನೊಂದಕ್ಕೆ ಬಳಸಿದರೆ ದಾನಿಯ ಉದ್ದೇಶವೇ ತಪ್ಪುತ್ತದೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಎಂಟನೆಯ ತರಗತಿಯ ಒಬ್ಬಳು ಹುಡುಗಿ ಎಂಟು ಕಿಲೋಮೀಟರು ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬರುವುದು ಅವಳ ಕೆಲಸ. ಸುಗ್ಗಿಯಲ್ಲಿ ಹತ್ತು ದಿನ ಗೈರುಹಾಜರಿ. ಮನೆಯಲ್ಲಿ ಓದು ಬಲ್ಲವರಿಲ್ಲ. ಅವಳ ಅಂಕ ನೂರಕ್ಕೆ ಅರವತ್ತೆಂಟು. ತರಗತಿಯ ಪಟ್ಟಿಯಲ್ಲಿ ಅವಳ ಸ್ಥಾನ ಹದಿನಾಲ್ಕು. ಆದರೆ ಕಪ್ಪು ಹಲಗೆಯ ಮೇಲೆ ಉಪಾಧ್ಯಾಯರು ಲೆಕ್ಕವನ್ನು ಬರೆದು ಮುಗಿಸುವ ಮೊದಲೇ ಉತ್ತರ ಹೇಳುವವಳು ಅವಳೇ. ಈ ಸಂಗತಿ ಅಂಕಪಟ್ಟಿಯಲ್ಲಿಲ್ಲ, ಗಣಿತದ ಉಪಾಧ್ಯಾಯರ ಅನುಭವದಲ್ಲಿದೆ. ಅವಳ ಮನೆಯಲ್ಲಿ ತಂದೆಗೆ ಕಾಯಿಲೆಯಾದರೆ, ಅಣ್ಣನ ಓದಿಗೆ ಹಣ ಹೊಂದಿಸಬೇಕಾದರೆ, ಮೊದಲು ನಿಲ್ಲುವುದು ಅವಳ ಶಾಲೆ. ಪ್ರತಿಭೆಯನ್ನು ಗುರುತಿಸಲು ಅಂಕವೊಂದೇ ಅಳತೆಗೋಲಾದರೆ ಇಂತಹವರು ಲೆಕ್ಕಕ್ಕೆ ಬರುವುದೇ ಇಲ್ಲ. ಆಯ್ಕೆಯಲ್ಲಿ ತರಗತಿಯ ಉಪಾಧ್ಯಾಯರ ಮಾತಿಗೆ ತೂಕವಿರಬೇಕು. ಪಕ್ಷಪಾತದ ಆರೋಪ ಬರಬಹುದೆಂಬ ಭಯದಿಂದ ಆ ಹೊಣೆಯನ್ನು ಕೈಬಿಡುವುದು ಸುಲಭ. ಇಬ್ಬರು ಉಪಾಧ್ಯಾಯರು ಬೇರೆ ಬೇರೆಯಾಗಿ ಹೆಸರು ಸೂಚಿಸಿ, ಮುಖ್ಯೋಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳ ಒಬ್ಬ ಪ್ರತಿನಿಧಿಯೂ ಕೂಡಿ ನಿರ್ಧರಿಸಿ, ಕಾರಣವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಆರೋಪಕ್ಕೆ ಅಷ್ಟಾಗಿ ಅವಕಾಶವಿರುವುದಿಲ್ಲ. ದಾನಿಯು ಮಾತ್ರ ಆಯ್ಕೆಯಿಂದ ದೂರವಿರುವುದೇ ಒಳ್ಳೆಯದು.

ಏನಕ್ಕಾಗಿ ಕೊಡಬೇಕು ಎಂಬುದೂ ವಿಚಾರಾರ್ಹ. ಶುಲ್ಕವೇ ಬಡ ವಿದ್ಯಾರ್ಥಿಯ ದೊಡ್ಡ ಹೊರೆಯೆಂಬ ಕಲ್ಪನೆ ಹಳೆಯದು. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಪಠ್ಯಪುಸ್ತಕ ಉಚಿತವಾಗಿ ಬರುತ್ತದೆ. 2002ರಲ್ಲಿ ಆರಂಭವಾದ ಮಧ್ಯಾಹ್ನದ ಊಟದ ಯೋಜನೆಗೆ ಸರ್ಕಾರವೇ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಮಠಗಳ ಪದವನ್ನು ಸರ್ಕಾರ ಎರವಲು ಪಡೆದದ್ದು ಮಠಗಳಿಗೆ ಸಂದ ಗೌರವವೆಂದೇ ಎಣಿಸಬೇಕು. ಎಂಟನೆಯ ತರಗತಿಯಲ್ಲಿ ನಡೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯೊಂದಿದೆ. ಎನ್.ಎಂ.ಎಂ.ಎಸ್. ಎಂದು ಪ್ರಸಿದ್ಧವಾದ, 2008ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಆಯ್ಕೆಯಾದ ಬಡ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಅನುದಾನಿತ ಶಾಲೆಗಳ ಮಕ್ಕಳೂ ಇದಕ್ಕೆ ಅರ್ಹರು. ಇಷ್ಟಿದ್ದೂ ಉಳಿಯುವ ಕೊರತೆಗಳು ಚಿಲ್ಲರೆಯಾಗಿ ಕಾಣುವಂಥವು: ಕನ್ನಡಕ, ಬಸ್ಸಿನ ಪಾಸು, ಮಳೆಗಾಲದಲ್ಲಿ ಹರಿದ ಚಪ್ಪಲಿ, ಜಾತಿ ಆದಾಯ ಪ್ರಮಾಣಪತ್ರಗಳಿಗಾಗಿ ತಾಲ್ಲೂಕು ಕಚೇರಿಗೆ ಅಲೆದಾಟ, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ. ಸರ್ಕಾರದ ವೇತನಕ್ಕೆ ಅರ್ಹನಾದ ಹುಡುಗ ಒಂದು ಕಾಗದ ಸಕಾಲಕ್ಕೆ ದೊರೆಯದೆ ಅದನ್ನು ಕಳೆದುಕೊಳ್ಳುವುದುಂಟು. ಹಳೆಯ ವಿದ್ಯಾರ್ಥಿಯೊಬ್ಬ ಆ ಹುಡುಗನ ಜೊತೆಯಲ್ಲಿ ಎರಡು ದಿನ ಓಡಾಡಿದರೆ ಅದು ಅವನು ಇಡಬಹುದಾದ ಯಾವ ಠೇವಣಿಗಿಂತಲೂ ಹೆಚ್ಚಿನ ಫಲ ಕೊಡಬಹುದು. ಮಂದಕಣ್ಣಿನ ಮಗುವಿಗೆ ಕನ್ನಡಕ ಕೊಡಿಸಿದರೆ ಅದರ ಪ್ರತಿಭೆ ಕಾಣತೊಡಗುವುದುಂಟು. ಇಂತಹ ವೆಚ್ಚಕ್ಕೆ ಯಾವ ದತ್ತಿಯಲ್ಲೂ ಕಲಮಿಲ್ಲವೆಂಬುದು ವಿಷಾದದ ಸಂಗತಿ.

ಕಾಲದ ಮಾತು ಇದಕ್ಕಿಂತ ಮುಖ್ಯ. ಮಕ್ಕಳಿಗೆ ಹಣ ಬೇಕಾಗುವುದು ಜೂನ್ ತಿಂಗಳಲ್ಲಿ. ಅದೇ ಸಮಯದಲ್ಲಿ ರೈತನ ಮನೆಯಲ್ಲಿ ಬೀಜ ಗೊಬ್ಬರಗಳ ಚಿಂತೆ. ಎಸ್.ಎಸ್.ಎಲ್.ಸಿ. ಮುಗಿಸಿದವರು ಪಿ.ಯು. ತರಗತಿಗೆ ಸೇರುವರೋ ಕೂಲಿಗೆ ಹೋಗುವರೋ ತೀರ್ಮಾನವಾಗುವುದು ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ. ದತ್ತಿಯ ವಿತರಣೆ ನಡೆಯುವುದಾದರೋ ಡಿಸೆಂಬರ್ ಅಥವಾ ಜನವರಿಯ ವಾರ್ಷಿಕೋತ್ಸವದಲ್ಲಿ, ದಾನಿಗಳಿಗೂ ಅತಿಥಿಗಳಿಗೂ ಬಿಡುವಿರುವ ದಿನ. ಆ ಹೊತ್ತಿಗೆ ಶಾಲೆ ಬಿಟ್ಟವರು ಬಿಟ್ಟಾಗಿರುತ್ತದೆ. ವೇತನ ಪಡೆಯುವವರು ಹೇಗೋ ಉಳಿದುಕೊಂಡವರು ಮಾತ್ರ.

ವೇದಿಕೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಬಹುಮಾನವನ್ನು ವೇದಿಕೆಯ ಮೇಲೆ ಕೊಡುವುದು ಉಚಿತ, ಅದರಿಂದ ಇತರರಿಗೂ ಸ್ಫೂರ್ತಿ. "ಬಡ ಪ್ರತಿಭಾವಂತ ವಿದ್ಯಾರ್ಥಿ" ಎಂದು ಧ್ವನಿವರ್ಧಕದಲ್ಲಿ ಕೂಗಿ ಕರೆದು, ಹದಿನಾಲ್ಕು ವರ್ಷದ ಮಗುವನ್ನು ಸಹಪಾಠಿಗಳ ಎದುರಿಗೆ ನಿಲ್ಲಿಸಿ ಛಾಯಾಚಿತ್ರ ತೆಗೆಸುವುದು ಮಾತ್ರ ದಾಸೋಹದ ಹೆಸರಿಗೆ ಒಪ್ಪುವಂಥದ್ದಲ್ಲ. ಪಂಕ್ತಿಯಲ್ಲಿ ಕುಳಿತವರಲ್ಲಿ ಬಡವರು ಯಾರು, ಅನುಕೂಲಸ್ಥರು ಯಾರು ಎಂದು ಬಡಿಸುವವರು ಕೇಳುವುದಿಲ್ಲ. ಅದೇ ಮಠದ ಅಂಗಳದಲ್ಲಿ ವಿದ್ಯಾರ್ಥಿವೇತನಕ್ಕೆ ಬೇರೆ ರೀತಿ ಏಕೆ? ಹಣವನ್ನು ಪೋಷಕರ ಅಥವಾ ವಿದ್ಯಾರ್ಥಿಯ ಖಾತೆಗೆ ನೇರವಾಗಿ ಕಳುಹಿಸಿ, ದಾನಿಗೆ ಹೆಸರಿಲ್ಲದ ಒಂದು ವರದಿಯನ್ನು ಕೊಡಬಹುದು: ಈ ವರ್ಷ ಇಷ್ಟು ಮಕ್ಕಳಿಗೆ, ಇಂತಿಂಥ ಕಾರಣಕ್ಕೆ, ಇಷ್ಟು. ದಾನಿಗೆ ಸಲ್ಲಬೇಕಾದ ಗೌರವವನ್ನು ವೇದಿಕೆಯ ಮೇಲೆ ದಾನಿಗೇ ಸಲ್ಲಿಸಲಿ. ಅದಕ್ಕೆ ಯಾರ ಆಕ್ಷೇಪವೂ ಇರಲಾರದು.

ಷರತ್ತುಗಳ ವಿಷಯದಲ್ಲಿಯೂ ಸ್ವಲ್ಪ ಸಡಿಲಿಕೆ ಬೇಕು. ತನ್ನ ಹಳ್ಳಿಯ, ತನ್ನ ಒಳಪಂಗಡದ, ಇಂತಹದೇ ವಿಷಯ ಓದುವ ವಿದ್ಯಾರ್ಥಿಗೇ ಸಲ್ಲಬೇಕೆಂದು ಬರೆದ ದತ್ತಿಗೆ ಎಷ್ಟೋ ವರ್ಷ ಅರ್ಹರೇ ಇರುವುದಿಲ್ಲ. ಹಣ ಠೇವಣಿಯಲ್ಲಿ ಕೊಳೆಯುತ್ತದೆ, ಪಕ್ಕದ ಬೆಂಚಿನ ಮಗು ಶಾಲೆ ಬಿಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ಯೆಯಿಂದ ದೂರ ಉಳಿದಿದ್ದ ಒಂದು ಸಮಾಜವನ್ನು ಎತ್ತಲು ಹಿರಿಯರು ಸಮಾಜದ ನಿಧಿಯನ್ನು ಕಟ್ಟಿದ್ದು ಆ ಕಾಲದ ಅಗತ್ಯ. ಕಲ್ಯಾಣದ ಮಹಾಮನೆಯ ಬಾಗಿಲು ಅದಕ್ಕಿಂತ ಅಗಲವಾಗಿತ್ತು. "ಅರ್ಹರು ದೊರೆಯದಿದ್ದಲ್ಲಿ ಶಾಲೆಯ ಯಾವುದೇ ಬಡ ವಿದ್ಯಾರ್ಥಿಗೆ" ಎಂಬ ಒಂದು ವಾಕ್ಯವನ್ನು ಸೇರಿಸುವುದರಿಂದ ಯಾವ ದಾನಿಯ ಆಶಯಕ್ಕೂ ಚ್ಯುತಿ ಬಾರದು.

ಹೊರದೇಶಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಈಗ ಬಹಳ ಮಂದಿ. ಅವರಿಗೊಂದು ಸೂಚನೆ ಅಗತ್ಯ. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶೀ ಕೊಡುಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳುಹಿಸಿದ್ದು, ಅವರು ಕನ್ನಡಿಗರೇ ಆಗಿದ್ದರೂ, 2010ರ ವಿದೇಶೀ ಕೊಡುಗೆ ಕಾಯಿದೆಗೆ ಒಳಪಡುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ಅನುಮತಿಯಿರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಈ ವಿವರವನ್ನು ಕೇಳದೆ ಪ್ರೀತಿಯಿಂದ ಕಳುಹಿಸಿದ ಹಣ ಶಾಲೆಗೆ ತೊಡಕನ್ನು ತರಬಲ್ಲದು. ಕಳುಹಿಸುವ ಮೊದಲು ಕಾರ್ಯಾಲಯಕ್ಕೆ ಒಂದು ಪತ್ರ ಬರೆದರೆ ಸಾಕು.

ವೇತನ ಪಡೆದವನಿಂದ ಹಣವನ್ನು ಹಿಂದಕ್ಕೆ ಬಯಸಬೇಕೆ ಎಂಬ ಪ್ರಶ್ನೆಯನ್ನು ಕೆಲವರು ಎತ್ತುತ್ತಾರೆ. ಸಾಲವೆಂದು ಬರೆಸಿಕೊಂಡರೆ ಬಡ ಮನೆಯ ತಾಯಿ ಸಹಿ ಹಾಕಲು ಹಿಂಜರಿಯುತ್ತಾಳೆ. ಸಾಲದ ಕಾಗದವೆಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತು. ಬರೆಸಿಕೊಳ್ಳದಿದ್ದರೂ ಋಣ ತೀರಿಸುವವರು ತೀರಿಸುತ್ತಾರೆ, ಎಲ್ಲರೂ ತೀರಿಸುವುದಿಲ್ಲ. ತೀರಿಸದವರು ಉಪಾಧ್ಯಾಯರಾಗಿ, ದಾದಿಯರಾಗಿ, ಒಳ್ಳೆಯ ಒಕ್ಕಲಿಗರಾಗಿ ಊರಿನಲ್ಲಿದ್ದರೆ ಅದನ್ನು ನಷ್ಟವೆಂದು ಬರೆಯಲು ಯಾವ ಖಾತೆಯೂ ಇಲ್ಲ. ಶಾಲೆ ಇಡಬೇಕಾದ ಲೆಕ್ಕ ಬೇರೆಯದು. ನೆರವು ಪಡೆದ ಪ್ರತಿಯೊಂದು ಮಗುವಿನ ಎದುರಿಗೆ ಮುಂದಿನ ವರ್ಷ ಶಾಲೆಯಲ್ಲಿ ಇದೆಯೇ ಎಂದು ಬರೆಯುವ ಒಂದು ಅಂಕಣ. ಹಾಜರಿ ಪುಸ್ತಕ ಇರುವ ಶಾಲೆಗೆ ಅದೇನೂ ಹೆಚ್ಚಿನ ಕೆಲಸವಲ್ಲ. ಆಯ್ಕೆಯನ್ನು ಮಾರ್ಚ್ ಪರೀಕ್ಷೆಗೆ ಮೊದಲೇ ಮುಗಿಸಿ, ಏಪ್ರಿಲ್‌ನಲ್ಲಿ ಬಡ್ಡಿಯ ಲೆಕ್ಕ ಬಂದೊಡನೆ ಮೊತ್ತವನ್ನು ಗೊತ್ತುಮಾಡಿದರೆ, ಬೇಸಿಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವ ವಾರದಲ್ಲಿ ಮೊದಲ ಕಂತು ಮಕ್ಕಳ ಕೈಸೇರಬಹುದು.